ಆನಿ ಸೀದಾ ನಡೀತೈತಿ

ಆಗ ನನಗ ಐವತ್ತೊಂಬತ್ತು. ಈ ಮಾತಿಗೆ ಈಗ ಎಂಟು ವರ್ಷ ಆತು. ಗುಡೂರಾಗ ನಮ್ಮ ಮನಿ. ಭಾವಾರು, ಅಂದ್ರ ನನ್ನ ಗಂಡನ ಅಣ್ಣ, ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಕೊಂಡರು. ಬಾಗಲಕೋಟಿ ದವಾಖಾನ್ಯಾಗ ರಾಡ್ ಹಾಕಿ ಮನಿಗೆ ಕಳಿಸಿದರು. ರಾಡ್ ಬಿದ್ದದ್ದು ಅವರ ತೊಡಿಗೆ, ಭಾರ ಬಿದ್ದದ್ದು ನನ್ನ ನಡಕ್ಕ.

ಮನ್ಯಾಗ ನಾಲ್ಕು ಮಂದಿ ಇದ್ದಿವಿ. ನನ್ನ ಗಂಡ ತೀರಿ ಭಾಳ ವರ್ಷ ಆಗಿತ್ತು. ಭಾವಾರ ಹೇಣ್ತಿ ಅದಕ್ಕೂ ಮೊದಲ ಹೋಗಿದ್ದಳು, ಮಕ್ಕಳಿಲ್ಲ. ನನ್ನ ಮಗ ಇಳಕಲ್ಲದಾಗ ಗ್ರಾನೈಟ್ ಪಾಲಿಶ್ ಮಾಡೋ ಕಡೆ ದುಡೀತಿದ್ದ, ಸೊಸಿ ಅಲ್ಲೇ ಒಂದು ಸೀರಿ ಅಂಗಡ್ಯಾಗ. ಇಬ್ಬರೂ ಮುಂಜಾನೆ ಒಂದ ಬಸ್ಸಿಗೆ ಹೋಗಿ ಸಂಜಿಗೆ ಬರತಿದ್ದರು. ಹಗಲೆಲ್ಲಾ ಮನ್ಯಾಗ ನಾ ಮತ್ತ ಭಾವಾರು.

ಇದರಾಗ ಒಂದು ತೊಡಕಿತ್ತು. ನಮ್ಮ ಕಡೆ ತಮ್ಮನ ಹೇಣ್ತಿ ಭಾವನ ಎದುರಿಗೆ ನಿಂದರಂಗಿಲ್ಲ, ಮಾರಿ ನೋಡಿ ಮಾತಾಡಂಗಿಲ್ಲ. ತಲಿ ಮ್ಯಾಲೆ ಸೆರಗು, ಬಾಗಲ ಮರಿ. ಈಗಿನ ಹುಡುಗ್ಯಾರು ಕೇಳಿ ನಗತಾರ, ನಗಲಿ. ನಾ ಲಗ್ನ ಆಗಿ ಆ ಮನಿಗೆ ನಡಿಯಾಕ ಬಂದಾಗಿಂದ ಭಾವಾರ ಜೋಡಿ ಒಂದ ಮಾತು ನೇರ ಆಡಿದಾಕಿ ಅಲ್ಲ. ಅವರೂ ನನ್ನ ಹೆಸರು ಹಿಡದು ಕರದವರಲ್ಲ. ನೀರು ಬೇಕಾದರ ಗ್ವಾಡಿ ನೋಡಿ, "ಯಾರರೆ ಅದಾರೇನು?" ಅಂತಿದ್ದರು. ನಾ ಚರಿಗಿ ಬಡದು ತಿಳಸತಿದ್ದೆ. ಒಂದ ಸಲ ಬಡದರ ಹೂಂ, ತಂದೆ. ಎರಡ ಸಲ ಬಡದರ ತಡೀರಿ, ಕೈ ಖಾಲಿ ಇಲ್ಲ. ಮನಿ ತುಂಬ ಮಂದಿ ಇದ್ದಾಗ ನಡುವ ಯಾರರೆ ಮಾತು ದಾಟಸತಿದ್ದರು, ನಡದಿತ್ತು. ಹಾಸಿಗಿ ಹಿಡದ ಮನಶ್ಯಾನ ಚಾಕರಿ ಚರಿಗಿ ಸಪ್ಪಳದ ಮ್ಯಾಲೆ ಎಷ್ಟಂತ ನಡದೀತು?

ಮುಂಜಾನೆ ಸಂಜಿ ಮಗ ಮೈ ಒರಸತಿದ್ದ. ನಡುವಿನ ಹೊತ್ತು ನನ್ನ ಪಾಲು. ಡಬ್ಬಿ ಇಡೋದು, ಹೊರಗ ನಿಂದರೋದು, ಮಾರಿ ಆಕಡೆ ಮಾಡಿ ಡಬ್ಬಿ ತಗೊಂಡು ಹೋಗೋದು. ಹೊತ್ತಿಗೆ ಡಬ್ಬಿ ಸಿಗಲಿಲ್ಲಂದ್ರ ಕೌದಿ ತೊಯ್ತಿತ್ತು. ತೊಯ್ದ ಕೌದಿ ಹಿಂಡಿದವರಿಗೆ ಗೊತ್ತು ಅದು ಎಂಥಾ ಕೆಲಸ ಅನ್ನೋದು. ಎಮ್ಮಿ ಕರಾ ಎತ್ತಿದಂಗ.

ದವಾಖಾನಿಯಿಂದ ಬಿಡೋ ಮುಂದ ಡಾಕ್ಟರು ಹೇಳಿದ್ದು ಒಂದ ಮಾತು. ನಡೀಬೇಕು. ಮಲಗೇ ಉಳದರ ಬೆನ್ನಿಗೆ ಹುಣ್ಣು, ಎದ್ಯಾಗ ಕಫ, ಕಾಲು ಕಟಗಿ. ಆಮ್ಯಾಲೆ ಎಬ್ಬಸಾಕ ನಮ್ಮಿಂದನೂ ಆಗೂದಿಲ್ಲ ಅಂದಿದ್ದರು. ನಾಲ್ಕ ಕಾಲಿನ ವಾಕರ್ ಒಂದು ಕೊಡಿಸಿದರು. ಅಲ್ಲಿ ನರ್ಸ್ ಹುಡುಗಿ, "ಅಜ್ಜಾ, ಸೀದಾ ಹೋಗು. ತಿರುಗೂದಿದ್ದರ ಮೊದಲ ನಿಂದರು, ಆಮ್ಯಾಲೆ ತಿರುಗು," ಅಂತ ಹೇಳಿ ಹೇಳಿ ಸಾಕಾದಳು. ನಾವು ಬಸ್ ತಪ್ಪೀತಂತ ಅವಸರದಾಗಿದ್ವಿ.

ಮನಿಗೆ ಬಂದ ಮ್ಯಾಲೆ ಮಗ ಅವರನ್ನ ವಾಕರ್ ಹಿಡಿಸಿ ಎಬ್ಬಿಸಿದ. ಖೋಲಿ ದಾಟಿ ಪಡಸಾಲಿಗೆ ಬಂದರು. ಇನ್ನೇನು ಬಚ್ಚಲ ಹತ್ತರ ಬಂತು ಅನ್ನೋದರಾಗ ವಾಕರ್ ಒಂದ ಕಡೆ ವಾಲಿತು, ಇವರು ಧಡ್ ಅಂತ ಬಿದ್ದರು. ಎಲುಬಿಗೆ ಏನೂ ಆಗಲಿಲ್ಲ, ಎದಿ ಒಡಕೊಂಡರು. "ಅದನ್ನ ನನ್ನ ಕಣ್ಣಿಗೆ ತೋರಸಬ್ಯಾಡ," ಅಂದು ಮಲಗಿದವರು ಏಳಲೇ ಇಲ್ಲ. ವಾಕರ್ ಮೂಲಿ ಸೇರಿತು. ಸೊಸಿ ಅದರ ಮ್ಯಾಲೆ ಟಾವೆಲ್ ಒಣ ಹಾಕಾಕ ಸುರು ಮಾಡಿದಳು.

ನಾ ಖರೆ ಹೇಳ್ತೇನಿ. ಇವರು ಎದ್ದರ ಏಳಲಿ, ಹೋದರ ಹೋಗಲಿ, ಎರಡರಾಗ ಒಂದು ಆಗಲಿ ಅಂತಿತ್ತು ನನ್ನ ಮನಸು. ನಡುವ ಉಳದರ ನಾ ಉಳೀತಿರಲಿಲ್ಲ. ನನ್ನ ನಡಾ ಬಗ್ಗಿದರ ಏಳತಿರಲಿಲ್ಲ, ಎದ್ದರ ಬಗ್ಗತಿರಲಿಲ್ಲ.

ಭಾವಾರಿಗೆ ಇದ್ದವರು ಒಬ್ಬರ ಗೆಳೆಯರು. ಹಿಂದಿನ ಓಣ್ಯಾಗ ಗಾದಿ ಹೊಲಿಯೋ ಸಾಹೇಬರು. ಇಬ್ಬರೂ ಮೀಸಿ ಬರೋದಕ್ಕಿಂತ ಮೊದಲಿಂದ ಚದುರಂಗ ಆಡಿದವರು. ಸಾಹೇಬರು ಮಧ್ಯಾಹ್ನದ ನಮಾಜ ಮುಗಿಸಿ ಬಂದು ಮಂಚದ ಮಗ್ಗಲಾಗ ಕೂಡತಿದ್ದರು. ಒಳಗಿಂದ ಒದರಾಟ ಕೇಳತಿತ್ತು.

"ಶಹ ತಗೋಳೋ, ನಿನ್ನ ರಾಜಾ ಸತ್ತ!"

"ಸಾಯ್ತಾನ ನಿಮ್ಮಪ್ಪ. ಕಣ್ಣು ಕಾಣತಾವಿಲ್ಲೋ ನಿನಗ? ನಿನ್ನ ವಜೀರನ್ನ ಮೊದಲ ಉಳಸ್ಕೊ."

ಆ ಒಂದು ತಾಸು ನನಗ ಬಿಡುವು. ಅಡಗಿ ಮನ್ಯಾಗ ಗ್ವಾಡಿಗೆ ಆನಿಕೊಂಡು ಕೂಡತಿದ್ದೆ. ಅದೂ ನಿಂತುಹೋತು. ಸಾಹೇಬರಿಗೆ ಖರೇನ ಕಣ್ಣು ಕಾಣತಿರಲಿಲ್ಲ, ಪೊರೆ ಬಂದಿತ್ತು. ಇಳಕಲ್ಲದಾಗ ಮಗಳ ಮನ್ಯಾಗ ಇದ್ದು ಆಪರೇಶನ್ ಮಾಡಿಸ್ಕೊಳ್ಳಾಕ ಹೊಂಟರು. ಹೋಗೋ ಮುಂದ ಅಡಗಿ ಮನಿ ಬಾಗಲಕ್ಕ ಬಂದು ಹೇಳಿದರು.

"ತಂಗಿ, ನಾ ಬರೋ ತನಕ ನೀನ ಕೂಡು ಅವನ ಜೋಡಿ."

"ಎಲ್ಲಿ ಕೂಡಲ್ರಿ?"

"ಆಟಕ್ಕ. ಇಲ್ಲಂದ್ರ ಅಂವಾ ಗ್ವಾಡಿ ಜೋಡಿ ಜಗಳಾ ತಗದು ಹುಚ್ಚ ಆಗ್ತಾನ."

"ಭಾವಾರ ಎದುರಿಗೆ ನಾ ಹೆಂಗ ಕೂಡ್ಲಿ? ಮತ್ತ ನನಗ ಬರೋದು ಚೌಕಾಬಾರಾ ಒಂದ. ಕವಡಿ ಎಲ್ಲದಾವು ಇದಕ್ಕ?"

"ಕವಡಿ ಇಲ್ಲ. ಇದರಾಗ ದೈವ ಇಲ್ಲ ತಂಗಿ, ತಪ್ಪಾದರ ಎಲ್ಲಾ ನಿಂದ," ಅಂತ ನಕ್ಕರು.

ಅಲ್ಲೇ ಹೊಸ್ತಿಲದಾಗ ಚದುರಂಗದ ಹಲಗಿ ಬಿಚ್ಚಿ ಕಲಿಸಿದರು. ಕುದರಿ ಎರಡೂವರಿ ಮನಿ ಜಿಗೀತೈತಿ. ಒಂಟಿ ಮೂಲಿ ಹಿಡದು ಓರಿ ಹೋಗ್ತೈತಿ. ಪ್ಯಾದಿ ಒಂದ ಮನಿ ಮುಂದ, ಹಿಂದ ಬರಂಗಿಲ್ಲ. ನನ್ನ ತಲಿಗೆ ಸರಳ ಹತ್ತಿದ್ದು ಆನಿ. "ಆನಿ ಭೋಳೆ ಪ್ರಾಣಿ," ಅಂದರು ಸಾಹೇಬರು. "ಉದ್ದಕ್ಕರೆ ಹೋಗಬೇಕು, ಅಡ್ಡಕ್ಕರೆ ಹೋಗಬೇಕು. ಹಾದಿ ಖಾಲಿ ಇದ್ದರ ಈ ಗ್ವಾಡಿಯಿಂದ ಆ ಗ್ವಾಡಿ ಮುಟ್ಟ. ನಮ್ಮಾಂವ ಅಡ್ಡ ಇದ್ದರ ಅವನ ಹಿಂದ ನಿಂದರಬೇಕು. ಪರರಾಂವ ಇದ್ದರ ಅವನ್ನ ತಿಂದು ಅವನ ಮನ್ಯಾಗ ಕೂಡಬೇಕು. ಜಿಗಿಯಂಗಿಲ್ಲ, ಓರಿ ಹೋಗಂಗಿಲ್ಲ. ಮೂಲಿಗೆ ಹೋಗಬೇಕಂದ್ರ ಎರಡ ಸಲ ನಡೀಬೇಕು. ಮೊದಲ ಉದ್ದ, ಆಮ್ಯಾಲೆ ಅಡ್ಡ."

ಮರುದಿನ ಮಧ್ಯಾಹ್ನ ಕೂಡೋ ಕಟಗಿ ಮಣಿ ಮ್ಯಾಲೆ ಹಲಗಿ ಇಟ್ಟು ಖೋಲಿ ಹೊಸ್ತಿಲಕ್ಕ ದೂಡಿದೆ. ಮಂಚ ಬಾಗಲಕ್ಕ ಹತ್ತಿ ಇತ್ತು, ಅವರ ಕೈ ನಿಲುಕತಿತ್ತು. ನಾ ಪಡಸಾಲಿ ಕಡೆ, ಬಾಗಲ ಮರಿಗೆ, ಸೆರಗು ಹೊತಗೊಂಡು ಮಾರಿ ಅತ್ತ ಮಾಡಿ ಕುಂತೆ. ನಾ ಕುಂತ ಜಾಗಾ ಹೇಳಬೇಕು. ನಮ್ಮ ಪಡಸಾಲ್ಯಾಗ ಮೊದಲ ಕುಣಿ ಮಗ್ಗ ಇತ್ತು. ನೆಲದಾಗ ತಗ್ಗು ತೋಡಿ ಅದರಾಗ ಕಾಲು ಇಳಿಬಿಟ್ಟು ನೇಯೋದು. ಭಾವಾರು ಆ ಕುಣ್ಯಾಗ ಕುಂತು ಇಳಕಲ್ಲ ಸೀರಿ ನೇಯ್ದು ನೇಯ್ದು ಮುದುಕರಾದವರು. ಮಗ್ಗ ಹೋತು, ಕುಣಿ ಉಳೀತು. ಅದರ ಮ್ಯಾಲೆ ಕಟಗಿ ಹಲಗಿ ಹೊಚ್ಚಿದ್ವಿ. ನಾ ಕುಂತಿದ್ದು ಆ ಹಲಗಿ ಅಂಚಿಗೆ. ಸರದು ಕುಂತಾಗೊಮ್ಮೆ ಗಡಗಡ ಅಲ್ಲಾಡತಿತ್ತು.

ಭಾವಾರು ಚದುರಂಗದ ಹಲಗಿ ನೋಡಿದರು, ಗ್ವಾಡಿ ನೋಡಿದರು. "ಇದು ಸಾಹೇಬನ ಕಿತಾಪತಿ," ಅಂದರು ಗ್ವಾಡಿಗೆ. ಆಮ್ಯಾಲೆ ಪ್ಯಾದಿ ಒಂದು ಸರಿಸಿದರು.

ಕಪ್ಪ ಆನಿ ಒಂದು ಎಂದೋ ಕಳದಿತ್ತು. ಅದರ ಜಾಗಾಕ್ಕ ನಾ ಒಂದು ಬೆಟ್ಟಡಿಕಿ ಇಟ್ಟಿದ್ದೆ. ಒಂದಿನ ದೂರದ ಬೀಗರೊಬ್ಬರು ಮಾತಾಡಸಾಕ ಬಂದು, ಮಾತಾಡತ ಮಾತಾಡತ ಅಡಕತ್ತರಿ ತಗದು ಆನಿ ಕತ್ತರಿಸಿ ಬಾಯಾಗ ಹಾಕ್ಕೊಂಡರು. ಅವರು ಹೋದ ಮ್ಯಾಲೆ ಭಾವಾರು ಎಷ್ಟೋ ದಿನದ ಮ್ಯಾಲೆ ನಕ್ಕರು. "ಅಡಿಕಿಗೆ ಹೋದ ಮಾನ ಆನಿ ಕೊಟ್ಟರೂ ಬರೂದಿಲ್ಲ ಅಂತಾರ. ಇಲ್ಲಿ ಆನೀನ ಅಡಿಕಿ ಆಗಿ ಹೋತು." ನಾನೂ ಸೆರಗಿನ್ಯಾಗ ನಕ್ಕೆ. ಆಮ್ಯಾಲೆ ಅಟ್ಟದಾಗಿಂದ ಹಳೆ ಕಂಡಿಕಿ ಒಂದು, ನೂಲು ಸುತ್ತೋದು, ತಂದು ಆನಿ ಜಾಗಾಕ್ಕ ನಿಂದರಿಸಿದೆ. ಅದನ್ನ ಯಾರೂ ತಿನ್ನೂದಿಲ್ಲ.

ಆಟ ಸೋತು ಸೋತು ಕಲತೆ. ಮೊದಮೊದಲ ನನಗ ಆನಿ ಮ್ಯಾಲೇನ ಆಸೆ. ದೊಡ್ಡದು, ಸೀದಾ ಹೋಗೂದು, ತಿಳಿಯೂದು. ಮೂಲಿ ಪ್ಯಾದಿ ಸರಿಸಿ ಬಡಾಬಡಾ ಆನಿ ಹೊರಗ ತರತಿದ್ದೆ. ಎಲ್ಲೋ ಆಚೆ ತುದಿಗೆ ಕುಂತಿದ್ದ ಅವರ ಒಂಟಿ ಓರಿ ಬಂದು ತಿಂದು ಹೋಗತಿತ್ತು.

"ಸಂತಿ ನೆರದಾಗ ಯಾರರೆ ಆನಿ ಬಿಡ್ತಾರೇನು?" ಅಂದರು ಗ್ವಾಡಿಗೆ. "ಮಂದಿ ಚದರಲಿ, ಹಾದಿ ಬಿಡಲಿ. ಅಲ್ಲಿ ತನಕ ಮೂಲ್ಯಾಗ ಇರಲಿ ಅದು."

ನಾ ಒಲಿ ಕಡೆ ಮಾರಿ ಮಾಡಿ ಅಂದೆ, "ಮೂಲ್ಯಾಗ ಕುಂತು ಕುಂತು ಸಾಕಾಗೇತಂತ ಅದಕ್ಕ."

"ಸಾಕಾದರ ಸಾಯ್ತೈತಿ. ಸತ್ತದ್ದು ಕಾಣಸೂದಿಲ್ಲೇನು ಮಂದಿಗೆ?"

"ಕಾಣೋ ಮಂದಿ ಹಾಸಿಗ್ಯಾಗ ಬಿದ್ದಾರ."

ಹಿಂಗ ನಡದಿತ್ತು ನಮ್ಮ ಮಾತು. ಅವರು ಗ್ವಾಡಿಗೆ, ನಾ ಒಲಿಗೆ. ಆದರ ಅವರು ಹೇಳಿದ್ದು ಖರೆ ಇತ್ತು. ಆಟದ ಸುರುವಿಗೆ ಆನಿ ಕಲ್ಲು ಇದ್ದಂಗ. ಸುತ್ತಲಿನ ಪ್ಯಾದಿ, ಕುದರಿ, ಒಂಟಿ ಎಲ್ಲಾ ಬಡದಾಡಿ ಸತ್ತು ಹಲಗಿ ಖಾಲಿ ಆದ ಮ್ಯಾಲೆ ಅದರ ಕಾಲ ಬರ್ತೈತಿ. ಒಂದು ಸಾಲು ಹಿಡದು ನಿಂತರ ಸಾಕು, ಆ ಸಾಲು ಪರರ ರಾಜಾ ದಾಟಂಗಿಲ್ಲ, ಬೇಲಿ ಹಾಕಿದಂಗ. ಎರಡು ಆನಿ ಉಳದರ ಭಾವಾರ ಕೈ ತಡಿಯೂದ ಆಗತಿರಲಿಲ್ಲ. ಒಂದು ಬೇಲಿ ಆಗಿ ನಿಂದರತಿತ್ತು, ಇನ್ನೊಂದು ಶಹ ಕೊಟ್ಟು ನನ್ನ ರಾಜಾನ್ನ ಒಂದ ಸಾಲು ಹಿಂದ ಸರಸತಿತ್ತು. ಸರದ ಕೂಡಲೇ ಶಹ ಕೊಟ್ಟದ್ದು ಬೇಲಿ ಆಗತಿತ್ತು, ಬೇಲಿ ಇದ್ದದ್ದು ಶಹ ಕೊಡತಿತ್ತು. ಸಾಲು ಬಿಟ್ಟು ಸಾಲು ದನಾ ಹೊಡದಂಗ ಹೊಡಕೊಂಡು ಹೋಗಿ ಗ್ವಾಡಿಗೆ ಹಚ್ಚತಿದ್ದರು. ರಾಜಾಗ ಸರಿಯಾಕ ಮನಿ ಇಲ್ಲ, ಮಾತ. ಆಟ ಮುಗೀತು. ಎದ್ದು ನಾ ಕೌದಿ ತೊಳಿಯಾಕ ಹೋಗತಿದ್ದೆ.

ಆಟದಿಂದ ಅವರ ಬಾಯಿ ಚುರುಕಾತು, ಕಾಲು ಆಗಲಿಲ್ಲ. ಟೊಂಕದ ಮ್ಯಾಲೆ ತೊಗಲು ಕೆಂಪಗಾಗಿ ಒಡಿಯಾಕ ಹತ್ತಿತು. ಮಗ ಆ ಗಾಯದ ಫೋಟೋ ತಗೊಂಡು ಬಾಗಲಕೋಟಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದ. ಬಂದು ಅಡಗಿ ಮನ್ಯಾಗ ಸಣ್ಣ ದನಿಲೆ ಹೇಳಿದ, "ಈ ವಾರದಾಗ ಎಬ್ಬಿಸಿದರ ಎಬ್ಬಿಸಿದಿರಿ, ಇಲ್ಲಂದ್ರ ಇನ್ನ ಏಳೂದಿಲ್ಲ ಅಂದ್ರಬೇ." ನಾ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ಮಗ ಮತ್ತ ಸೊಸಿ ಆ ಸಂಜಿ ಇಬ್ಬರೂ ಕೂಡಿ ಅವರಿಗೆ ಬೇಡಿಕೊಂಡರು. "ಬಿದ್ದು ಸಾಯೋದಕ್ಕಿಂತ ಮಲಗಿ ಸಾಯ್ತೇನಿ, ನಡೀರಿ," ಅಂದು ಕೌದಿ ಎಳಕೊಂಡರು.

ಆ ಕೌದಿ ತೊಳಿಯಾಕಿ ನಾ.

ಮರುದಿನ ಮಧ್ಯಾಹ್ನ ಆಟಕ್ಕ ಕುಂತಿವಿ. ಅವತ್ತ ಅವರ ಚಿತ್ತ ಎಲ್ಲಿತ್ತೋ, ವಜೀರನ್ನ ಕಳಕೊಂಡರು, ಆನಿಗಳನ್ನೂ ಕಳಕೊಂಡರು. ಕಡೀಕ ಅವರ ಕಡೆ ರಾಜಾ ಒಬ್ಬ. ನನ್ನ ಕಡೆ ರಾಜಾ, ಮತ್ತ ಆ ಕಂಡಿಕಿ ಆನಿ. ಅವರ ರಾಜಾ ಗ್ವಾಡಿ ಸಾಲಿಗೆ ಹತ್ತಿ ನಿಂತಿದ್ದ, ನಾ ಕಂಡಿಕಿ ತಂದು ಅವನ ಮುಂದಿನ ಸಾಲಿಗೆ ಇಟ್ಟೆ. ಬೇಲಿ ಬಿತ್ತು. ಅಂವಾ ಆ ಸಾಲು ಬಿಟ್ಟು ಹೊರಗ ಬರಂಗಿಲ್ಲ. ಆದರ ಒಂದ ಆನಿಲೆ ಮಾತ ಹೆಂಗ ಮಾಡೋದು ಅನ್ನೋದು ನನಗ ಬರತಿರಲಿಲ್ಲ. ಅವರು ಈ ಮನಿಯಿಂದ ಆ ಮನಿ, ಆ ಮನಿಯಿಂದ ಈ ಮನಿ ರಾಜಾನ್ನ ಸರಸಕೋತ ಕುಂತರು.

"ಕಟ್ಟಿ ಹಾಕಾಕ ಬಂತು, ಹೊಡಿಯಾಕ ಬರವಲ್ತು ಮಂದಿಗೆ," ಅಂದರು ಗ್ವಾಡಿಗೆ.

ನಾ ವಿಚಾರ ಮಾಡಾಕ ಸರದು ಕುಂತೆ. ಕುಣಿ ಹಲಗಿ ಗಡಗಡ ಅಂತು. ಆಗ ಹೊಳೀತು ನನಗ ಅವತ್ತ ಇವರು ಯಾಕ ಬಿದ್ದರು ಅನ್ನೋದು. ಖೋಲಿ ಬಾಗಲದಿಂದ ಬಚ್ಚಲಕ್ಕ ಓರಿ ಹೊಂಟಿದ್ದರು. ನಾವೆಲ್ಲಾರೂ ದಿನಾ ಹೋಗೋದು ಹಂಗ, ಅದು ಹತ್ತರದ ಹಾದಿ, ಕುಣಿ ಹಲಗಿ ಮ್ಯಾಲಿಂದ. ಹಲಗಿ ನಡುವ ಕಾಲಿಡಬೇಕು, ಅಂಚಿಗೆ ಇಡಬಾರದು ಅನ್ನೋದು ನಮ್ಮ ಕಾಲಿಗೆ ಗೊತ್ತೈತಿ. ವಾಕರ್‌ಗೆ ನಾಲ್ಕು ಕಾಲು, ಒಂದಕ್ಕೂ ಗೊತ್ತಿಲ್ಲ. ಒಂದು ಕಾಲು ಅಂಚಿಗೆ ಬಿದ್ದಿತ್ತು, ಹಲಗಿ ಎದ್ದಿತ್ತು. ಇವರು ತಮ್ಮ ಕಾಲು ಹೋತು ಅಂತ ತಿಳಕೊಂಡು ಮಲಗಿದ್ದರು. ನೇಕಾರ ತಾನು ಕುಂತ ಕುಣಿ ಮರತಿದ್ದ.

ಅಷ್ಟರಾಗ ಭಾವಾರು, "ಯಾರರೆ ಅದಾರೇನು? ಡಬ್ಬಿ," ಅಂದರು.

ನಾ ಚರಿಗಿ ಬಡೀಲಿಲ್ಲ. ಎದ್ದೆ. ಎದ್ದಾಗ ನಡಾ ಹಿಡಕೊಂಡಿತು, ಬಾಗಲ ಚೌಕಟ್ಟು ಹಿಡದು ನಿಂತೆ. ಮೂಲ್ಯಾಗಿನ ವಾಕರ್ ಮ್ಯಾಲಿನ ಟಾವೆಲ್ ಕಿತ್ತು ಒಗದೆ. ಹೊಸ್ತಿಲದಾಗಿನ ಮಣಿ ಬಾಜೂಕ ಸರಿಸಿ, ವಾಕರ್ ತಂದು ಮಂಚದ ಮುಂದ ಇಟ್ಟು ಎದುರಿಗೆ ನಿಂತು ಅಂದೆ, "ಏಳ್ರಿ."

ಅವರು ನನ್ನ ಮಾರಿ ನೋಡಿದರು. ಆ ಮನ್ಯಾಗ ಮೊದಲನೇ ಸಲ.

"ನನ್ನ ಕೂಡ ಮಾತಾಡಿದೇನು?"

"ನಿಮ್ಮ ಕೂಡಾನ. ಮನ್ಯಾಗ ಬ್ಯಾರೆ ಯಾರದಾರ?"

"ಡಬ್ಬಿ ತಾ ಅಂದೆ."

"ಡಬ್ಬಿ ತರೂದಿಲ್ಲ. ನನ್ನ ನಡಾ ಹೋಗೇತಿ. ಏಳ್ರಿ."

"ಬೀಳ್ತೇನಿ."

"ಅವತ್ತ ಒಂಟಿ ನಡದಂಗ ಓರಿ ನಡದ್ರಿ, ಕುಣಿ ಹಲಗಿಗೆ ಸಿಕ್ಕು ಬಿದ್ರಿ. ನಿಮ್ಮ ಕಾಲು ಬಿದ್ದಿಲ್ಲ, ಹಲಗಿ ಎದ್ದೈತಿ. ಇವತ್ತ ಆನಿ ನಡದಂಗ ನಡೀರಿ. ಉದ್ದಕ್ಕ ಪಡಸಾಲಿ ಕಂಬದ ತನಕ. ಅಲ್ಲಿ ನಿಂತು ತಿರುಗಿ ಅಡ್ಡಕ್ಕ ಬಚ್ಚಲ. ಕುಣಿ ಒಂದ ಕಡೆ ಉಳೀತೈತಿ."

ಭಾವಾರು ಪಡಸಾಲಿ ನೆಲಾ ನೋಡಿದರು, ಕಂಬ ನೋಡಿದರು. ಹಲಗಿ ಮ್ಯಾಲೆ ಕಾಯಿ ನೋಡೋವಾಗ ನೋಡತಿದ್ದರಲ್ಲ, ಹಂಗ ಭಾಳ ಹೊತ್ತು ನೋಡಿದರು. ಒಳಗ ಅವಸರನೂ ಆಗಿತ್ತು ಅವರಿಗೆ, ಅದೂ ಕೆಲಸ ಮಾಡ್ತು ಅನ್ನಬೇಕು. ಕಾಲು ಕೆಳಗ ಬಿಟ್ಟರು.

ಎದ್ದರು. ನಾ ಅವರ ಮುಂದ ಹಿಂದಹಿಂದಕ್ಕ ನಡದೆ, ಎರಡೂ ಕೈ ವಾಕರ್ ಮ್ಯಾಲೆ. ನಮ್ಮ ಪಡಸಾಲಿಗೆ ಚೌಕ ಚೌಕ ಫರಸಿ ಹಾಸೇತಿ. "ಫರಸಿ ಗೀಟು ಬಿಡಬ್ಯಾಡ್ರಿ. ಎತ್ತಿ ಇಡ್ರಿ. ಈಗ ಕಾಲು. ಮತ್ತ ಎತ್ತಿ ಇಡ್ರಿ," ಅಂತ ದನಾ ಹೊಡದಂಗ ಹೊಡಕೊಂಡು ಹೊಂಟೆ. ಹಿಂದಕ್ಕ ನಡಿಯೋದರಾಗ ನನ್ನ ಸೆರಗು ಜಾರಿ ಹೆಗಲಿಗೆ ಬಿತ್ತು.

"ಸೆರಗು," ಅಂದರು ಭಾವಾರು, ನೆಲಾ ನೋಡಿ.

"ಸೆರಗು ಹಿಡೀಲೋ, ನಿಮ್ಮನ್ನ ಹಿಡೀಲೋ?"

ಕಂಬ ಮುಟ್ಟಿದಿವಿ. ಅಲ್ಲಿ ನಿಂತು ಉಸರು ತಗೊಂಡು, ಬಚ್ಚಲ ಕಡೆ ನೋಡಿ, "ಇಲ್ಲಿಂದ ಓರಿ ಹೋದರ ಹತ್ತರ," ಅಂದರು.

"ಅವತ್ತೂ ಹತ್ತರ ಇತ್ತು."

ತಿರುಗಿದರು. ಮೊದಲ ವಾಕರ್, ಆಮ್ಯಾಲೆ ಒಂದು ಕಾಲು, ಆಮ್ಯಾಲೆ ಇನ್ನೊಂದು. ಪೂರ್ತಿ ತಿರುಗಿ ಆದ ಮ್ಯಾಲೆ ಅಡ್ಡಕ್ಕ ಹೊಂಟರು. ಬಚ್ಚಲ ಬಾಗಲದಾಗ ನಾ ಬಾಜೂಕ ಸರದು ಗ್ವಾಡಿ ಕಡೆ ಮಾರಿ ಮಾಡಿ ನಿಂತೆ. ಒಳಗ ನೀರು ಹಾಕಿದ ಸಪ್ಪಳ ಕೇಳಿತು. ಅದಕ್ಕಿಂತ ಚಲೋ ಸಪ್ಪಳ ನಾ ಆ ವರ್ಷ ಕೇಳಲಿಲ್ಲ.

ಬಂದ ಹಾದಿಲೇ ತಿರುಗಿ ಬಂದರು. ಮಂಚಕ್ಕ ಕುಂತಾಗ ಅಂಗಿ ಬೆವರಿಲೆ ತೊಯ್ದಿತ್ತು. ನಾ ಕೆಳಗ ಕುಂತುಬಿಟ್ಟೆ. ಅವರು ಚದುರಂಗದ ಹಲಗಿ ಕಡೆ ಕೈ ಮಾಡಿ ಅಂದರು, "ಒಂದ ಆನಿ ಇದ್ದರ ರಾಜಾನೂ ಜೋಡಿ ನಡೀಬೇಕು. ಆನಿ ಒಂದ ಏನ್ ಮಾಡೀತು? ನಾಳಿ ತೋರಸ್ತೇನಿ."

ಸಂಜಿಗೆ ಮಗ ಬಂದ. ಭಾವಾರು ವಾಕರ್ ಹಿಡದು ಪಡಸಾಲ್ಯಾಗ ನಿಂತಿದ್ದು ನೋಡಿ ಕೈಯಾಗಿನ ಬುತ್ತಿ ಡಬ್ಬಿ ಕೆಳಗ ಬಿಟ್ಟ. "ದೊಡ್ಡಪ್ಪಾ!" ಅಂದ. ಭಾವಾರು ಅವನಿಗೆ, "ನಿಮ್ಮವ್ವಗ ಹೇಳು, ಚಹಾದಾಗ ಸಕ್ಕರಿ ಕಮ್ಮಿ ಆಗೇತಿ ಅಂತ," ಅಂದರು. ನಡುವ ಮಾತು ದಾಟಸಾಕ ಮಗ ಬಂದಿದ್ದನಲ್ಲ, ನಾ ಮತ್ತ ಹೆಸರಿಲ್ಲದ ಮಂದಿ ಆದೆ. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಕಸುವು ಬೇಕು.

ಮರುದಿನ ಮುಂಜಾನೆ ನನಗ ಎಚ್ಚರಾದಾಗ ಪಡಸಾಲ್ಯಾಗ ಟಕ್ ಟಕ್ ಅಂತಿತ್ತು. ನಾ ಮಲಗಿದಲ್ಲೇ ಕೇಳಿದೆ. ಕಂಬದ ಹತ್ತರ ಬಂದು ಸಪ್ಪಳ ನಿಂತಿತು. ಮತ್ತ ಟಕ್ ಅಂತು, ಅಡ್ಡಕ್ಕ. ಬಚ್ಚಲ ಬಾಗಲ ಕಿರ್ ಅಂತು. ಎದ್ದು ಮಾರಿ ತೊಳಕೊಂಡು, ಒಂದು ಸೀರಿ ಚೀಲದಾಗ ಹಾಕ್ಕೊಂಡು ಸೊಸಿಗೆ ಹೇಳಿದೆ, "ಇವತ್ತ ಇಬ್ಬರಾಗ ಒಬ್ಬರು ಮನ್ಯಾಗ ಇರ್ರಿ." ಯಾಕ ಎಲ್ಲಿಗೆ ಅಂತ ಕೇಳೋದರಾಗ ಓಣಿ ದಾಟಿದ್ದೆ. ಬಾದಾಮಿ ಬಸ್ ಹತ್ತಿ, ಅಲ್ಲಿಂದ ಟಂಟಂ ರಿಕ್ಷಾ ಹಿಡದು ಚೊಳಚಗುಡ್ಡದಾಗಿನ ನನ್ನ ತಂಗಿ ಮನಿಗೆ ಹೋದೆ. ಆಕಿ ಅಂಗಳ ಸಾರಸತಿದ್ದಳು, ನನ್ನ ನೋಡಿ ಗಾಬರಿಯಾದಳು.

"ಯಾಕಬೇ, ಏನಾತು? ಯಾರರೆ ಹೋದರೇನು?"

"ಯಾರೂ ಹೋಗಿಲ್ಲ. ಚಾಪಿ ಎಲ್ಲೈತಿ?" ಅಂದೆ. ಆಕಿ ಚಾಪಿ ಹಾಸಿದಳು. ಸಂಜಿ ಮುಂದ ಆಕಿ ಬಂದು ಎಬ್ಬಸೋ ತನಕ ಮಲಗಿದೆ.